ಉಕ್ಕಿನ ಮೂಸೆ: ಬುಕಾನನ್ನನ ವರ್ಣನೆಯೊಂದರ ವಿಮರ್ಶೆ

‘ಉಕ್ಕು’ ಎಂಬ ನಮ್ಮ ಶಬ್ದವು ‘ವೂಟ್ಜ್’ ಎಂಬ ವಿಕೃತ ರೂಪವನ್ನು ತಾಳಿ ಯುರೋಪಿನ ಭಾಷೆಗಳನ್ನು ಹೊಕ್ಕು ಎರಡು ಶತಮಾನಗಳಿಗೂ ಮಿಗಿಲಾಯಿತು. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟನು 1794ರಲ್ಲಿ ಲಂಡನ್ನಿನ ಸರ್ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿಕೊಟ್ಟ ಉಕ್ಕಿನ ಗಟ್ಟಿಗಳನ್ನು ಜಾರ್ಜ್ ಪಿಯರ್ಸನ್ನನು ಪರೀಕ್ಷಿಸಿ, ಮರುವರ್ಷ ರಾಯಲ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧದಲ್ಲಿ ಈ ಶಬ್ದವು ಮೊದಲು ಅಚ್ಚಾಯಿತು. ಅದು ‘ಉಕ್ಕು’ ಎಂಬುದನ್ನು ಯಾರೋ ತಪ್ಪಾಗಿ ಬರೆದುಕೊಂಡುದರ ಅಥವಾ ತಪ್ಪಾಗಿ ಓದಿಕೊಂಡುದರ ಫಲವಾಗಿರಬೇಕೆಂದು 1886ರ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಯೂಲ್ ಮತ್ತು ಬರ್ನೆಲ್ ಇಬ್ಬರೂ ಊಹಿಸಿದರು. ಅವರು ಕನ್ನಡ ಶಬ್ದವನ್ನೇ ಹೆಸರಿಸಿದ್ದು ನಮಗೆ ಸಂತೋಷವನ್ನುಂಟುಮಾಡುವುದು ಸಹಜ. ಆದರೆ ತೆಲುಗಿನಲ್ಲಿಯೂ ಉಕ್ಕು ಉಕ್ಕೇ. ಆದ್ದರಿಂದ ಈ ಸಂತೋಷವನ್ನು ನೆರೆಯವರೊಡನೆ ಹಂಚಿಕೊಳ್ಳುವುದು ನ್ಯಾಯ.

ಶಬ್ದದ ಕಥೆಯನ್ನು ಇಷ್ಟಕ್ಕೆ ಬಿಡೋಣ. ನಮ್ಮ ಆಕ್ಷೇಪಣೆ ಇರುವುದು ಬೇರೊಂದು ವಿಷಯದಲ್ಲಿ. ಪ್ರಾಚೀನ ಉಕ್ಕಿನ ವಿಚಾರವಾಗಿ ಕನ್ನಡದಲ್ಲಿ ಪ್ರಕಟವಾಗುತ್ತ ಬಂದಿರುವ ಲೇಖನಗಳಲ್ಲಿ ಬಹುಪಾಲು ಡಮಾಸ್ಕಸ್ಸಿನ ಖಡ್ಗದಿಂದ ಆರಂಭವಾಗಿ ಡಮಾಸ್ಕಸ್ಸಿನ ಖಡ್ಗದಲ್ಲಿಯೇ ಮುಗಿಯುತ್ತವೆ. ಖಡ್ಗದ ಮೈಮೇಲಣ ಅಲೆಯಂಥ ರೇಖೆಗಳು, ಗಾಳಿಯಲ್ಲಿ ತೇಲಿಬಂದ ರೇಷ್ಮೆಯ ವಸ್ತ್ರ ಅದರ ಅಲಗಿಗೆ ತಾಗಿ ಎರಡಾದ ಕಥೆ, ಕಡೆಯಲ್ಲಿ ಯುರೋಪಿನ ವಿದ್ವಾಂಸರ ಬೆರಗು: ಇವು ಒಂದರಿಂದೊಂದಕ್ಕೆ ನಕಲಾಗಿವೆ. ಆ ಲೋಹ ಹುಟ್ಟಿದ ಒಲೆ ಯಾವುದು, ಅದನ್ನು ಹೊತ್ತ ಪಾತ್ರೆ ಯಾವುದು, ಎಷ್ಟು ಜನ ಎಷ್ಟು ಹೊತ್ತು ತಿದಿಯೊತ್ತಿದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಒಂದು ವಾಕ್ಯದಷ್ಟು ಸ್ಥಳವೂ ದೊರೆಯುವುದಿಲ್ಲ. ಮಾಡಿದವರ ಕೆಲಸವನ್ನು ಬಿಟ್ಟು ಕೊಂಡವರ ಹೊಗಳಿಕೆಯಿಂದ ನಮ್ಮ ಹಿರಿಮೆಯನ್ನು ಅಳೆಯುವ ಈ ಪದ್ಧತಿಯನ್ನು ಇತಿಹಾಸವೆಂದು ಕರೆಯಲು ನಮಗೆ ಮನಸ್ಸು ಬಾರದು.

ಈ ದೋಷದ ಮೂಲ ನಮ್ಮಲ್ಲಿಲ್ಲ. ಅದು ಲಂಡನ್ನಿನಿಂದಲೇ ಬಂದುದು. ಪಿಯರ್ಸನ್ನನ ಕೈಗೆ ಬಂದದ್ದು ಸಿದ್ಧವಾದ ಗಟ್ಟಿ. ಅವನ ಮುಂದೆ ಒಲೆಯಿರಲಿಲ್ಲ, ಒಲೆಯ ಮುಂದೆ ಕುಳಿತವರಿರಲಿಲ್ಲ. ಆದುದರಿಂದ ‘ಇದರೊಳಗೆ ಏನಿದೆ?’ ಎಂಬ ಒಂದೇ ಪ್ರಶ್ನೆಯನ್ನು ಅವನು ಕೇಳಬಲ್ಲವನಾಗಿದ್ದನು. ಅದೇ ಪ್ರಶ್ನೆಯನ್ನು ಮೈಕೇಲ್ ಫ್ಯಾರಡೆಯೂ ಕೇಳಿದನು. 1819ರಲ್ಲಿ ಅವನು ನಡೆಸಿದ ವಿಶ್ಲೇಷಣೆಯಲ್ಲಿ ಸಿಲಿಕಾ ಮತ್ತು ಅಲ್ಯುಮಿನಗಳ ಅಂಶಗಳು ಕಂಡುಬಂದವು. ಅಲ್ಯುಮಿನದ ಮೂಲಧಾತುವೇ ಈ ಉಕ್ಕಿನ ಗುಣಕ್ಕೆ ಕಾರಣವಾಗಿರಬೇಕೆಂದು ಅವನು ಭಾವಿಸಿದನು. ಚಾಕು ಕತ್ತರಿಗಳ ತಯಾರಕನಾದ ಸ್ಟೋಡಾರ್ಟನೊಡನೆ ಸೇರಿ 1822ರವರೆಗೆ ಅನೇಕ ಮಿಶ್ರಲೋಹಗಳನ್ನು ಕರಗಿಸಿ ನೋಡಿದನು. ಆ ಪ್ರಯೋಗಗಳು ಮುಂದಿನ ಮಿಶ್ರಲೋಹವಿದ್ಯೆಗೆ ಹಾದಿಯನ್ನು ತೋರಿದವೆಂಬುದು ನಿಜವಾದರೂ ಅಲ್ಯುಮಿನದ ಊಹೆ ನಿಲ್ಲಲಿಲ್ಲ. ಉಕ್ಕಿನ ಗುಣಕ್ಕೂ ಅದರ ರೇಖಾವಿನ್ಯಾಸಕ್ಕೂ ಕಾರಣ ಮುಖ್ಯವಾಗಿ ಅಧಿಕ ಪ್ರಮಾಣದ ಇಂಗಾಲವೆಂಬುದನ್ನು ಸ್ವಲ್ಪ ಕಾಲದಲ್ಲಿಯೇ ಪ್ಯಾರಿಸ್ಸಿನ ಬ್ರೆಯಾನನು ಎತ್ತಿ ತೋರಿಸಿದನು. ಸಿಲಿಕಾ ಮತ್ತು ಅಲ್ಯುಮಿನ ಎರಡೂ ಜೇಡಿಮಣ್ಣಿನ ಮುಖ್ಯ ಘಟಕಗಳು. ಫ್ಯಾರಡೆಯ ಪರೀಕ್ಷಾಪಾತ್ರೆಯಲ್ಲಿ ತಲೆದೋರಿದುದು ಉಕ್ಕಿನ ರಹಸ್ಯವಾಗಿರದೆ, ಉಕ್ಕನ್ನು ಹೊತ್ತ ಮಣ್ಣಿನ ಮೂಸೆಯ ಸುಳಿವೇ ಆಗಿದ್ದಿರಬಹುದೆಂದು ನಮಗೆ ತೋರುತ್ತದೆ.

ಆ ಮೂಸೆಯನ್ನು ಕಣ್ಣಾರೆ ಕಂಡು ಬರೆದವರು ಕೆಲವರಿದ್ದಾರೆ. ಅವರಲ್ಲಿ ಮೈಸೂರು ಸೀಮೆಯ ಮಟ್ಟಿಗೆ ಫ್ರಾನ್ಸಿಸ್ ಬುಕಾನನ್ನನೇ ಪ್ರಧಾನ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800 ಮತ್ತು 1801ರಲ್ಲಿ ಅವನು ಈ ನಾಡನ್ನು ಸುತ್ತಿದನು. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನದು ಆಡಳಿತಗಾರನಿಗಾಗಿ ನೋಡುವ ಕಣ್ಣು. ಎಲ್ಲಿ ಏನು ಬೆಳೆಯುತ್ತದೆ, ಯಾವುದಕ್ಕೆ ಎಷ್ಟು ಕಂದಾಯ, ಯಾರಿಗೆ ಎಷ್ಟು ಕೂಲಿ ಎಂಬುದನ್ನು ಬರೆದುಕೊಳ್ಳುವುದೇ ಅವನಿಗೆ ವಹಿಸಿದ್ದ ಕೆಲಸ. ಆದರೆ ಈ ಲೆಕ್ಕದ ಬುದ್ಧಿಯೇ ನಮಗೆ ಉಪಕಾರ ಮಾಡಿದೆ. ಬೆರಗಾಗಿ ಬರೆದವರು ಬಿಟ್ಟುಬಿಡುತ್ತಿದ್ದ ವಿವರಗಳನ್ನು ಅವನು ಬಿಡಲಿಲ್ಲ.

ಮಧುಗಿರಿಯ ಕಡೆ, ಚನ್ನರಾಯನದುರ್ಗದ ಸಮೀಪದಲ್ಲಿ ಅವನು 1800ರಲ್ಲಿ ನೋಡಿದ ಉಕ್ಕಿನ ಒಲೆಯ ವರ್ಣನೆಯ ಸಾರಾಂಶ ಹೀಗಿದೆ. ನೆಲಮಟ್ಟದಿಂದ ಕೆಳಕ್ಕೆ ತೋಡಿದ ಗುಂಡನೆಯ ಅಗ್ನಿಕುಂಡ. ಅಡ್ಡಳತೆ ಒಂದು ಮೊಳ, ಆಳ ಎರಡು ಮೊಳ, ಬಾಯಿ ತುಸು ಅಗಲ. ಅದರ ತಳದಿಂದ ಹೊರಗಿನ ಗುಂಡಿಗೆ ಮುಕ್ಕಾಲು ಮೊಳದಷ್ಟು ಅಗಲ, ಅಷ್ಟೇ ಎತ್ತರದ ಬೂದಿಯ ದಾರಿ. ಕೆಲವು ಅಡಿ ದೂರದಲ್ಲಿ, ಬೆಂಕಿಯಿಂದಲೂ ಕಿಡಿಗಳಿಂದಲೂ ಕೆಲಸಗಾರರನ್ನು ಮರೆಮಾಡಲು ಐದು ಅಡಿ ಎತ್ತರದ ಮಣ್ಣಿನ ಗೋಡೆ. ಆ ಗೋಡೆಯ ಬುಡದಲ್ಲಿ ಹಾಯ್ದ ಮಣ್ಣಿನ ಕೊಳವೆಯ ಮೂಲಕ ಎರಡು ತಿದಿಗಳ ಗಾಳಿ ಕುಂಡವನ್ನು ಸೇರುತ್ತದೆ. ಮೂಸೆಗಳು ಸುಡದ ಹಸಿ ಮಣ್ಣಿನವು, ಶಂಕುವಿನ ಆಕಾರದವು. ಒಂದೊಂದೂ ಸುಮಾರು ಅರ್ಧ ಲೀಟರಿನಷ್ಟು ನೀರು ಹಿಡಿಯುವಷ್ಟು ದೊಡ್ಡವು. ಪ್ರತಿಯೊಂದರಲ್ಲಿ ಒಂದು ತುಂಡು ಕಬ್ಬಿಣ, ಮೂರು ರೂಪಾಯಿ ತೂಕದ ತಂಗಡಿಯ ಕಡ್ಡಿ, ಎರಡು ಹಸಿರೆಲೆ. ಎಲೆಯ ಗಿಡದ ಹೆಸರನ್ನು ಅವನು ‘ಹುಗಿನೆ’ ಎಂದು ಬರೆದುಕೊಂಡಿದ್ದಾನೆ. ಹೂವನ್ನು ಕಾಣದ ಕಾರಣ ಸಸ್ಯಶಾಸ್ತ್ರದ ಹೆಸರನ್ನು ನಿರ್ಧರಿಸಲಾಗದೆಂದು ಒಪ್ಪಿಕೊಂಡಿದ್ದಾನೆ. ಇದು ನಮ್ಮ ರೈತರು ಉಗನಿಯೆಂದು ಕರೆಯುವ ಬಳ್ಳಿಯ ಹೆಸರೇ ಇರಬೇಕೆಂಬುದು ನಮ್ಮ ಅಭಿಪ್ರಾಯ. ಮೂಸೆಯ ಬಾಯಿಗೆ ಹಸಿ ಮಣ್ಣಿನ ಮುಚ್ಚಳವಿಟ್ಟು, ಸಂದು ಕಾಣದಂತೆ ಮೆತ್ತಿ, ಬೆಂಕಿಯ ಹತ್ತಿರ ಒಣಗಿಸುತ್ತಾರೆ.

ಮುಂದಿನದು ಗಮನಿಸಬೇಕಾದ ಭಾಗ. ಕುಂಡದ ಇಳಿಜಾರಾದ ಬಾಯಿಯ ಸುತ್ತ ಮೂಸೆಗಳ ಒಂದು ಸಾಲು, ಅದರ ಒಳಗೆ ಇನ್ನೊಂದು ಸಾಲು, ನಡುವೆ ಒಂದೇ ಒಂದು: ಹೀಗೆ ಹದಿನೈದು ಮೂಸೆಗಳಿಂದ ಒಂದು ಗುಮ್ಮಟ ಏಳುತ್ತದೆ. ತಿದಿಯ ಬಾಯಿಗೆ ಎದುರಾದ ಮೂಸೆಯನ್ನು ತೆಗೆದು ಆ ಸ್ಥಳದಲ್ಲಿ ಬರಿದಾದ ಒಂದನ್ನು ಇಡುತ್ತಾರೆ. ಇದ್ದಿಲು ಹಾಕಬೇಕಾದಾಗ ಅದನ್ನು ಹೊರಕ್ಕೆಳೆದುಕೊಳ್ಳುವುದು. ಒಳಗೂ ಮೇಲೂ ಇದ್ದಿಲು ತುಂಬಿ ನಾಲ್ಕು ಗಂಟೆ ತಿದಿಯೊತ್ತಿದರೆ ಒಂದು ಸರದಿ ಮುಗಿಯಿತು. ಕೂಡಲೆ ಹೊಸ ಗುಮ್ಮಟ. ಹಗಲೂ ರಾತ್ರಿಯೂ ಕೆಲಸ ನಡೆದು, ದಿನಕ್ಕೆ ಹದಿನಾಲ್ಕರಂತೆ ಐದು ಸರದಿ, ಅಂದರೆ 70 ಮೂಸೆಗಳು. ಒಂದು ಒಲೆಗೆ ಹದಿಮೂರು ಜನ: ಒಬ್ಬ ಯಜಮಾನ; ಮೂರು ಮೂರು ಜನರ ನಾಲ್ಕು ತಂಡ, ಪ್ರತಿ ತಂಡದಲ್ಲಿ ಬೆಂಕಿಗೆ ಒಬ್ಬ, ತಿದಿಗೆ ಇಬ್ಬರು. ಯಜಮಾನನ ಕೆಲಸವಾದರೋ ಮೂಸೆಗಳನ್ನು ಮಾಡುವುದು, ತುಂಬುವುದು, ಗುಮ್ಮಟ ಕಟ್ಟುವುದು.

ಬುಕಾನನ್ನನು ಇದನ್ನು ಬರೆದು ಕೂಲಿಯ ಲೆಕ್ಕಕ್ಕೆ ಹೋಗುತ್ತಾನೆ. ನಾವು ಇಲ್ಲಿಯೇ ನಿಲ್ಲಬೇಕು. ಈ ವರ್ಣನೆಯ ಪ್ರಕಾರ ಒಲೆಗೆ ಬೇರೆ ಚಾವಣಿಯಿಲ್ಲ; ಮೂಸೆಗಳೇ ಚಾವಣಿ. ಕೆಳಗಿನ ಜ್ವಾಲೆಯನ್ನು ತಡೆದು ಶಾಖವನ್ನು ಒಳಗೇ ಹಿಡಿದಿಡುವುದೂ ಅವೇ, ಆ ಶಾಖವನ್ನು ಕುಡಿದು ಒಳಗಿನ ಕಬ್ಬಿಣವನ್ನು ಕರಗಿಸುವುದೂ ಅವೇ. ಒಂದು ಮೂಸೆ ಮೆತ್ತಗಾಗಿ ಕುಸಿದರೆ ಅದರೊಳಗಿನ ಲೋಹ ಮಾತ್ರ ನಷ್ಟವಾಗುವುದಿಲ್ಲ. ಪಕ್ಕದವು ಒರಗಲು ಆಧಾರವಿಲ್ಲದೆ ಗುಮ್ಮಟವೇ ಕೆಡಬಹುದು. ದಿನಕ್ಕೆ ಐದು ಸಲ ಒಲೆಯ ತಲೆಯನ್ನು ಹಸಿ ಮಣ್ಣಿನಿಂದ ಹೊಸದಾಗಿ ಕಟ್ಟಬೇಕಾದ ಈ ವಿಧಾನದಲ್ಲಿ ಹದಿಮೂರು ಜನರ ಪೈಕಿ ಯಜಮಾನನ ಸ್ಥಾನ ಬೆಂಕಿಯನ್ನು ನೋಡುವವನಿಗೆ ಸಲ್ಲದೆ ಮಣ್ಣನ್ನು ಕಲಸುವವನಿಗೆ ಏಕೆ ಸಂದಿತೆಂಬುದು ಆಗ ಸ್ಪಷ್ಟವಾಗುತ್ತದೆ. ಈ ಕಸಬಿನ ಕಠಿನವಾದ ವಿದ್ಯೆ ಮೂಸೆಯಲ್ಲಿತ್ತು. ಕಸಬಿನವರೇ ಹಾಗೆ ತಿಳಿದಿದ್ದರು. ಪಿಯರ್ಸನ್ನನಿಂದ ಮೊದಲ್ಗೊಂಡು ನಮ್ಮ ಖಡ್ಗದ ಲೇಖಕರವರೆಗೆ ಎಲ್ಲರೂ ಒಳಗಿನ ಗಟ್ಟಿಯನ್ನು ನೋಡಿದರು. ಗಟ್ಟಿ ತೆಗೆಯುವುದಕ್ಕಾಗಿ ಒಡೆದು ಎಸೆದ ಮಣ್ಣಿನ ಚಿಪ್ಪನ್ನು ನೋಡಲಿಲ್ಲ.

ಮೂಸೆಯೊಳಗೆ ಹಾಕುವ ಕಡ್ಡಿ ಎಲೆಗಳ ವಿಚಾರದಲ್ಲಿಯೂ ಒಂದು ಮಾತು. ಇವನ್ನು ಮಂತ್ರದಂತೆ ಭಾವಿಸಿದವರುಂಟು, ಮೂಢನಂಬಿಕೆಯೆಂದು ತಳ್ಳಿದವರುಂಟು. ಎರಡೂ ಅವಸರದ ತೀರ್ಮಾನಗಳು. ಬುಕಾನನ್ನನ ಅಂಕಿಗಳನ್ನೇ ಹಿಡಿದು ಒಂದು ಸ್ಥೂಲ ಲೆಕ್ಕ ಮಾಡಬಹುದು. ಮೂರು ರೂಪಾಯಿ ತೂಕವೆಂದರೆ ಈಗಿನ ಸುಮಾರು 34 ಗ್ರಾಂ. ಕಟ್ಟಿಗೆ ಮುಚ್ಚಿದ ಪಾತ್ರೆಯಲ್ಲಿ ಸುಟ್ಟು ಇದ್ದಿಲಾದರೆ ಐದರಲ್ಲೊಂದು ಪಾಲಿನಿಂದ ನಾಲ್ಕರಲ್ಲೊಂದು ಪಾಲಿನವರೆಗೆ ಉಳಿಯುತ್ತದೆಂದು ಹಿಡಿದರೆ, ಉಳಿದ ಇಂಗಾಲ ಏಳೆಂಟು ಗ್ರಾಂ. ಈ ಬಗೆಯ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಎರಡರೊಳಗೆ. ಒಂದೂವರೆಯೆಂದು ಇಟ್ಟುಕೊಂಡರೆ ಏಳೆಂಟು ಗ್ರಾಂ ಇಂಗಾಲ ಸುಮಾರು ಅರ್ಧ ಕಿಲೋಗ್ರಾಂ ಕಬ್ಬಿಣಕ್ಕೆ ಸಾಕಾಗುತ್ತದೆ. ಅರ್ಧ ಲೀಟರಿನ ಮೂಸೆಗೆ ಈ ತೂಕದ ಕಬ್ಬಿಣ, ಕಡ್ಡಿಗಳ ಜೊತೆಗೆ ಧಾರಾಳವಾಗಿ ಹಿಡಿಸುತ್ತದೆ. ಅಂದಮೇಲೆ ಮೂರು ರೂಪಾಯಿ ತೂಕವೆಂಬುದು ವಾಡಿಕೆಯ ಮಾತಲ್ಲ, ಅಳತೆ. ಶುದ್ಧ ಕಬ್ಬಿಣ ಕರಗಲು 1535 ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖ ಬೇಕು; ಎರಡು ತಿದಿಗಳ ಇದ್ದಿಲಿನ ಒಲೆಯಲ್ಲಿ ಅದನ್ನು ಮುಟ್ಟುವುದು ಬಹು ಕಷ್ಟ. ಇಂಗಾಲ ಒಳಗೆ ಇಳಿದಂತೆಲ್ಲ ಕರಗುವ ಮಟ್ಟ ನೂರಕ್ಕೂ ಹೆಚ್ಚು ಡಿಗ್ರಿಗಳಷ್ಟು ಕೆಳಗೆ ಬರುತ್ತದೆ. ಕಡ್ಡಿಯ ಕೆಲಸ ಇದು. ಇನ್ನು ತಂಗಡಿಯೇ ಏಕೆ? ಬಯಲುಸೀಮೆಯ ಒಣನೆಲದಲ್ಲಿ ಎಲ್ಲೆಡೆ ಸಿಕ್ಕುವ, ಚರ್ಮ ಹದಮಾಡುವವರು ತೊಗಟೆಗಾಗಿ ಕಡಿಯುತ್ತಿದ್ದ ಗಿಡ ಅದು. ಸೇಲಂ ಕಡೆಯ ವಿಧಾನವನ್ನು 1839ರಲ್ಲಿ ವರ್ಣಿಸಿದ ಹೀತ್ ಎಂಬವನೂ ಇದೇ ಗಿಡವನ್ನು ಹೆಸರಿಸಿದ್ದಾನೆ. ಎಲ್ಲ ಕಡೆ ದೊರೆಯುವುದೆಂಬುದೇ ಸಾಕಾದ ಕಾರಣವಾಗಿರಬಹುದು. ಇದಕ್ಕಿಂತ ಗಹನವಾದುದನ್ನು ಹುಡುಕಲು ನಮಗೆ ಅವಶ್ಯಕತೆ ಕಾಣದು.

ಬುಕಾನನ್ನನು ‘ಸುಡದ ಮಣ್ಣು’ ಎಂದು ಒಂದೇ ಮಾತಿನಲ್ಲಿ ದಾಟಿಹೋದುದನ್ನು ಹೀತನು ಸ್ವಲ್ಪ ಬಿಡಿಸಿ ಹೇಳಿದ್ದಾನೆ: ಆ ಮಣ್ಣಿನಲ್ಲಿ ಕರಿಕಾದ ಭತ್ತದ ಹೊಟ್ಟು ಯಥೇಚ್ಛವಾಗಿ ಬೆರೆತಿರುತ್ತಿತ್ತು. ಇದರ ಅರ್ಥ ತಿಳಿದುದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಮೂಸೆಯ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ. ನಮ್ಮ ಕೆಂಪು ಕಪ್ಪು ಮಣ್ಣುಗಳಲ್ಲಿ ಕಬ್ಬಿಣದ ಆಕ್ಸೈಡು ಹೆಚ್ಚು. ಬರಿಯ ಮಣ್ಣಾಗಿದ್ದರೆ ಅಂಥ ಶಾಖದಲ್ಲಿ ಅದು ಗಾಜಿನಂತೆ ಇಳಿದುಹೋಗಬೇಕು. ಹೊಟ್ಟು ಮಣ್ಣಿನೊಳಗೆ ಕರಿಕಾದಾಗ ಎರಡು ವಸ್ತುಗಳನ್ನು ಬಿಡುತ್ತದೆ: ಸಿಲಿಕಾದ ಹಂದರ ಮತ್ತು ಇಂಗಾಲ. ಇಂಗಾಲ ಕರಗುವುದಿಲ್ಲವಾದುದರಿಂದ ಮೆತ್ತಗಾದ ಮಣ್ಣಿಗೆ ಅದು ಬಿಗಿಯನ್ನು ಕೊಡುತ್ತದೆ. ಇಷ್ಟಲ್ಲದೆ ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡನ್ನು ಲೋಹದ ಸಣ್ಣ ಹನಿಗಳನ್ನಾಗಿ ಮಾಡಿ, ಅದು ಮಣ್ಣನ್ನು ಕರಗಿಸದಂತೆ ತಡೆಯುತ್ತದೆ. ಹೊಟ್ಟಿನ ತೆರಪುಗಳು ಶಾಖದ ಏರಿಳಿತಕ್ಕೆ ಮೂಸೆ ಬಿರಿಯದಂತೆ ಕಾಯುತ್ತವೆ. ಯಾವ ಗ್ರಂಥವೂ ಇಲ್ಲದೆ, ಇಂಗ್ಲೆಂಡಿನಲ್ಲಿ ಹಂಟ್ಸ್‌ಮನ್ನನು 1740ರ ದಶಕದಲ್ಲಿ ಉತ್ತಮ ಜಾತಿಯ ಮಣ್ಣನ್ನು ಆರಿಸಿ ಸಾಧಿಸಿದುದನ್ನು ನಮ್ಮ ಕಸಬಿನವರು ಕೈಗೆ ಸಿಕ್ಕಿದ ಮಣ್ಣಿಗೆ ಕಣದ ಹೊಟ್ಟನ್ನು ಬೆರೆಸಿ ಸಾಧಿಸಿದ್ದರು.

ಇಲ್ಲಿಂದ ಚಿತ್ರದುರ್ಗದ ಸೀಮೆಗೆ ಬರೋಣ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಮೂಲಕ ಉತ್ತರ ದಕ್ಷಿಣವಾಗಿ ಹಾಯ್ದ ಬೆಟ್ಟಸಾಲು ಕಬ್ಬಿಣದ ಅದಿರಿನಿಂದ ಕೂಡಿದುದು. ಈ ಜಿಲ್ಲೆಯ ದಕ್ಷಿಣ ಮತ್ತು ಮಧ್ಯ ಭಾಗಗಳಲ್ಲಿ ಕಬ್ಬಿಣವನ್ನು ಕರಗಿಸುತ್ತಿದ್ದ ಸಂಗತಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಲೂಯಿ ರೈಸರ ಗೆಜೆಟಿಯರು ದಾಖಲಿಸಿದೆ. ಬೆಂಕಿಯ ಕಸಬು ಇಲ್ಲಿ ಲೋಹಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಗಾಜಿನ ಬಳೆಗಳಿಗೆ ಹೆಸರಾಗಿತ್ತು. ಉಕ್ಕಿನ ಪ್ರಮಾಣವಾದರೋ ಘಟ್ಟಿಹೊಸಹಳ್ಳಿಯಲ್ಲಿ ದೊರೆತಿದೆ. ಅಲ್ಲಿನ ಮೂಸೆಯ ಉಕ್ಕನ್ನು ಕುರಿತು ಟಿ. ಆರ್. ಅನಂತರಾಮು, ಪಿ. ಟಿ. ಕ್ರ್ಯಾಡಕ್, ಕೆ. ನಾಗೇಶರಾವ್, ಎಸ್. ಆರ್. ಎನ್. ಮೂರ್ತಿ ಮತ್ತು ಎಂ. ಎಲ್. ವೇಮನ್ ಇವರು ಕೂಡಿ ಬರೆದ ಪ್ರಬಂಧ 1999ರಲ್ಲಿ ಇಂಗ್ಲೆಂಡಿನ ‘ಹಿಸ್ಟಾರಿಕಲ್ ಮೆಟಲರ್ಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅನಂತರಾಮು ಅವರು ಕನ್ನಡ ವಾಚಕರಿಗೆ ವಿಜ್ಞಾನಲೇಖಕರಾಗಿ ಚಿರಪರಿಚಿತರು. ಆದರೂ ಘಟ್ಟಿಹೊಸಹಳ್ಳಿಯ ಹೆಸರು ಲೋಹೇತಿಹಾಸದ ವಿದ್ವಾಂಸರಿಗೆ ತಿಳಿದಿರುವಷ್ಟು ನಮ್ಮ ಕಾಲೇಜುಗಳ ಇತಿಹಾಸದ ತರಗತಿಗಳಿಗೆ ತಿಳಿದಿಲ್ಲವೆಂದರೆ ಅತಿಶಯೋಕ್ತಿಯಾಗದು.

ಆ ಸಂಶೋಧಕರಲ್ಲೊಬ್ಬರಾದ ಕ್ರ್ಯಾಡಕ್ಕರು ದಕ್ಷಿಣ ಭಾರತದ ಮೂಸೆಯ ಉಕ್ಕಿನಲ್ಲಿ ಎರಡು ಸಂಪ್ರದಾಯಗಳನ್ನು ಗುರುತಿಸಿದ್ದಾರೆ. ಒಂದು, ಮೆದುಕಬ್ಬಿಣಕ್ಕೆ ಕಟ್ಟಿಗೆ ಎಲೆಗಳಿಂದ ಇಂಗಾಲವನ್ನು ಊಡುವುದು. ಇದು ಮೈಸೂರು ಮತ್ತು ತಮಿಳುನಾಡಿನ ಕಡೆಯದು. ಇನ್ನೊಂದು, ಇಂಗಾಲ ಹೆಚ್ಚಾದ ಬೀಡುಕಬ್ಬಿಣವನ್ನು ಮೆದುಕಬ್ಬಿಣದೊಡನೆ ಕರಗಿಸಿ ಹದಕ್ಕೆ ತರುವುದು. ತೆಲಂಗಾಣದ ಕೋನಸಮುದ್ರದಲ್ಲಿ ವಾಯ್ಸೆ ನೋಡಿದುದು, 1832ರಲ್ಲಿ ಅಚ್ಚಾದುದು ಈ ಬಗೆ. ಈ ವಿಭಾಗ ಉಪಯುಕ್ತವೇ. ಆದರೆ ಇದು ಕೂಡ ಮೂಸೆಯೊಳಗೆ ಏನು ಹಾಕಿದರೆಂಬುದರ ಮೇಲೆ ನಿಂತದ್ದು. ಒಲೆಯಲ್ಲಿ ಮೂಸೆಗಳನ್ನು ಹೇಗೆ ಜೋಡಿಸಿದರು, ಚಾವಣಿಗೆ ಏನು ಮಾಡಿದರು, ಎಂಥ ಮಣ್ಣಿಗೆ ಎಷ್ಟು ಹೊಟ್ಟು ಎಂಬುದರ ಮೇಲೆ ವಿಭಾಗ ಮಾಡಿದರೆ ಗೆರೆಗಳು ಬೇರೆಡೆಗೆ ಬೀಳಬಹುದು.

ವಿದ್ಯಾರ್ಥಿಗಳು ಇಲ್ಲಿ ಎರಡು ಅಡ್ಡದಾರಿಗಳನ್ನು ಬಿಡಬೇಕು. ಮೊದಲನೆಯದು, ಕಿಟ್ಟದ ರಾಶಿ ಕಂಡಲ್ಲೆಲ್ಲ ಉಕ್ಕು ತಯಾರಾಗುತ್ತಿತ್ತೆಂದು ಹೇಳುವುದು. ಕಿಟ್ಟವು ಅದಿರಿನಿಂದ ಕಬ್ಬಿಣ ತೆಗೆದುದಕ್ಕೆ ಮಾತ್ರ ಸಾಕ್ಷಿ; ಉಕ್ಕಿಗೆ ಸಾಕ್ಷಿ ಮೂಸೆಯ ಚೂರು. ಪ್ರಾಚೀನತೆಯ ವಿಷಯದಲ್ಲಿಯೂ ಹೀಗೆಯೇ. ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರನು ಅಗೆಸಿದ ಬೃಹತ್‌ಶಿಲಾ ಸಮಾಧಿಗಳಲ್ಲಿ ಕಬ್ಬಿಣದ ಉಪಕರಣಗಳು ದೊರೆತವು; ಕೊಪ್ಪಳ ಜಿಲ್ಲೆಯ ಕಡೆಬಾಕಲೆಯಲ್ಲಿ ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ಪದರಗಳಿಂದ ಅಧಿಕ ಇಂಗಾಲದ ಉಕ್ಕೂ ದೊರೆತಿದೆ. ಇವು ಅಮೂಲ್ಯವಾದ ಆಧಾರಗಳು; ಆದರೆ ಅಧಿಕ ಇಂಗಾಲವಿದ್ದ ಮಾತ್ರಕ್ಕೆ ಮೂಸೆಯ ವಿಧಾನ ಸಿದ್ಧವಾಗದು. ಎರಡನೆಯದು ಊರಹೆಸರಿನ ಸೆಳೆತ. ಘಟ್ಟಿಹೊಸಹಳ್ಳಿಯ ‘ಘಟ್ಟಿ’ಯಲ್ಲಿ ಉಕ್ಕಿನ ಗಟ್ಟಿಯನ್ನು ಕಾಣುವುದು ಸುಲಭ, ಸೊಗಸಾಗಿಯೂ ಇದೆ. ಶಾಸನದ ಬೆಂಬಲವಿಲ್ಲದೆ ಆ ನಿರುಕ್ತಿಯನ್ನು ಒಪ್ಪಲು ನಾವು ಸಿದ್ಧರಿಲ್ಲ.

ಕಸಬು ಅಳಿದುದಕ್ಕೆ ಆಂಗ್ಲರ ದ್ವೇಷವೊಂದನ್ನೇ ಕಾರಣವಾಗಿ ಹೇಳುವ ರೂಢಿಯಿದೆ. ಹಾಗೆ ಹೇಳುವವರು ಒಲೆಯ ಲೆಕ್ಕವನ್ನು ನೋಡಬೇಕು. ಹದಿಮೂರು ಜನ ಹಗಲಿರುಳು ದುಡಿದು 70 ಚಿಕ್ಕ ಗಟ್ಟಿಗಳು. 1856ರಲ್ಲಿ ಬೆಸೆಮರನ ವಿಧಾನ ಬಂದ ಮೇಲೆ ಉಕ್ಕು ಟನ್ನುಗಳಲ್ಲಿ ಹುಟ್ಟತೊಡಗಿತು. ಜೊತೆಗೆ ಇದ್ದಿಲಿಗೆ ಆಶ್ರಯವಾಗಿದ್ದ ಕಾಡುಗಳು ಸರ್ಕಾರದ ವಶವಾದವು. ಮೈಸೂರು ಸರ್ಕಾರ ಭದ್ರಾವತಿಯಲ್ಲಿ ಸ್ಥಾಪಿಸಿ 1923ರಲ್ಲಿ ಹೊತ್ತಿಸಿದ ಕುಲುಮೆಯೂ ಇದ್ದಿಲಿನದೇ ಆಗಿತ್ತು. ಆದರೆ ಅದಕ್ಕೂ ಹಳೆಯ ಮೂಸೆಗೂ ಯಾವ ಸಂಬಂಧವೂ ಉಳಿದಿರಲಿಲ್ಲ. ವಿದ್ಯೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದು ನಿಂತುಹೋಗಿತ್ತು. ಬುಕಾನನ್ನನ ವರ್ಣನೆಯ ದೊಡ್ಡ ಕೊರತೆ ಇಲ್ಲಿ ನಮ್ಮನ್ನು ಬಾಧಿಸುತ್ತದೆ: ಹದಿಮೂರು ಜನರ ಕೂಲಿಯನ್ನು ಬರೆದಿಟ್ಟವನು ಆ ಯಜಮಾನನ ಬಾಯಿಂದ ಮಣ್ಣಿನ ಹದದ ಒಂದು ಮಾತನ್ನು ಬರೆದುಕೊಳ್ಳಲಿಲ್ಲ.

ಆದುದರಿಂದ ಈಗ ನಮಗುಳಿದಿರುವ ಗ್ರಂಥವೆಂದರೆ ಚೂರುಗಳ ರಾಶಿಯೇ. ಪ್ರತಿ ಗಟ್ಟಿಗೂ ಒಂದು ಮೂಸೆ ಒಡೆಯಬೇಕಾಗಿದ್ದುದರಿಂದ, ನೂರು ದಿನ ನಡೆದ ಒಂದು ಒಲೆ ಏಳು ಸಾವಿರ ಮೂಸೆಗಳ ಚೂರನ್ನು ಬಿಟ್ಟಿರಬೇಕು. ಇಂಥ ರಾಶಿಗಳಿಗೆ ಯಾವ ರಕ್ಷಣೆಯೂ ಇಲ್ಲ. ಶಾಸನದ ಕಲ್ಲಿಗೆ ಸಲ್ಲುವ ಮರ್ಯಾದೆ ಕರಿಯ ಮಣ್ಣಿನ ಚೂರಿಗೆ ಸಲ್ಲುವುದಿಲ್ಲ. ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು ಹೋಬಳಿಯಲ್ಲಿ, ಮೇಗಳಹಳ್ಳಿ ಭೀಮಸಮುದ್ರಗಳ ಸುತ್ತ, ಅದೇ ಬೆಟ್ಟಸಾಲಿನ ಅದಿರನ್ನು ಯಂತ್ರಗಳಿಂದ ತೆಗೆಯಲಾಗಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ತಡೆದು, ಅನಂತರ ಕಟ್ಟುಪಾಡುಗಳೊಡನೆ ಮತ್ತೆ ಅವಕಾಶ ಕೊಟ್ಟಿತು. ಆ ಕಟ್ಟುಪಾಡುಗಳು ಕಾಡು, ನೀರು, ಧೂಳುಗಳಿಗೆ ಸಂಬಂಧಿಸಿದವು. ಗುಡ್ಡದ ಬುಡದ ಹೊಲದಲ್ಲಿ ನೇಗಿಲಿಗೆ ಸಿಕ್ಕುವ ಮೂಸೆಯ ಚೂರನ್ನು ಕೇಳುವವರು ಯಾರು? ಟ್ರ್ಯಾಕ್ಟರಿನ ನಾಲ್ಕು ಉಳುಮೆಗೆ ಅದು ಮಣ್ಣಿನೊಡನೆ ಮಣ್ಣಾಗುತ್ತದೆ.

ಈ ಸೀಮೆಯ ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಹೊಲಗಳನ್ನು ಸುತ್ತುವುದಾದರೆ ದುಬಾರಿಯ ಉಪಕರಣಗಳು ಬೇಕಾಗಿಲ್ಲ. ಚೂರು ದೊರೆತ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ, ರಾಶಿಯನ್ನು ಕದಲಿಸದೆ ಉದ್ದಗಲಗಳನ್ನು ಅಳೆದರೆ ಮೊದಲ ಕೆಲಸವಾಯಿತು. ಮುರಿದ ಅಂಚಿನಲ್ಲಿ ಹೊಟ್ಟಿನ ಅಚ್ಚು ಬರಿಗಣ್ಣಿಗೇ ಕಾಣಬಹುದು. ಒಳಮೈಯಲ್ಲಿ ಗಾಜಿನಂಥ ಕಿಟ್ಟದ ಒಂದು ಏಣು ಸುತ್ತಲೂ ಹರಿದಿದ್ದರೆ ಕರಗಿದ ಉಕ್ಕು ನಿಂತಿದ್ದ ಮಟ್ಟ ಅದು. ಅದರಿಂದ ಗಟ್ಟಿಯ ಗಾತ್ರವನ್ನು ತಿಳಿಯಬಹುದು. ಹೊರಮೈಯನ್ನು ಇನ್ನೂ ಎಚ್ಚರದಿಂದ ನೋಡಬೇಕು. ಬುಕಾನನ್ನನು ಕಂಡಂತೆ ಮೂಸೆಗಳು ಗುಮ್ಮಟವಾಗಿ ನಿಂತಿದ್ದರೆ ಜ್ವಾಲೆಗೆ ಮುಖವಾದ ತುದಿ ಹೆಚ್ಚಾಗಿ ಗಾಜಾಗಿರಬೇಕು, ಮುಚ್ಚಳದ ಕಡೆ ಕಡಿಮೆ. ಜೊತೆಗೆ ಒಂದಕ್ಕೊಂದು ಒರಗಿದ ಪಕ್ಕಗಳಲ್ಲಿ ನೆರೆಯ ಮೂಸೆ ಅಂಟಿ ಬಿಟ್ಟ ಕಲೆಯಿರಬೇಕು. ಕುಂಡದೊಳಗೆ ಬಿಡಿಬಿಡಿಯಾಗಿ ಇದ್ದಿಲಿನಲ್ಲಿ ಹುದುಗಿದ್ದರೆ ಗಾಜು ಸುತ್ತಲೂ ಸಮನಾಗಿರುತ್ತದೆ, ಪಕ್ಕದ ಕಲೆ ಇರುವುದಿಲ್ಲ. ಚನ್ನರಾಯನದುರ್ಗದ ಗುಮ್ಮಟ ಚಿತ್ರದುರ್ಗದ ಸೀಮೆಯಲ್ಲಿಯೂ ಇತ್ತೇ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಆ ಕಲೆಯೇ.